ಬಿಸಿಗೊಂದು ಬಳಗ, ತಂಪಿಗೊಂದು ಬಳಗ

ಚರಂಡಿಯ ರಾಡಿ ಪೂರ್ತಿ ಜೀರ್ಣವಾಗಲು ಎಷ್ಟು ದಿನ ಬೇಕು? 1930ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ಫೇರ್ ಮತ್ತು ಎಡ್ವರ್ಡ್ ಮೂರ್ ಈ ಪ್ರಶ್ನೆ ಹಿಡಿದು ಕೂತರು. ರಾಡಿಯನ್ನು ಬೇರೆ ಬೇರೆ ತಾಪದಲ್ಲಿಟ್ಟು ಕೊಳೆಸಿ, ದಿನ ಎಣಿಸಿ, ಗೆರೆ ಎಳೆದರು. ಬಿಸಿ ಹೆಚ್ಚಿದಂತೆ ಕೆಲಸ ಚುರುಕಾಗುತ್ತದೆ ಎನ್ನುವುದು ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ. ಇವರ ಗೆರೆ ಆ ಮಾತು ಕೇಳಲಿಲ್ಲ. ವೇಗದ ಲೆಕ್ಕದಲ್ಲಿ ನೋಡಿದರೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗುಡ್ಡ, ಆಮೇಲೆ ತಗ್ಗು, 50 ದಾಟಿದ ಮೇಲೆ ಮತ್ತೊಂದು ಗುಡ್ಡ.

ಎಂಜಿನಿಯರುಗಳು ಎರಡೂ ಗುಡ್ಡಗಳಿಗೆ ಹೆಸರಿಟ್ಟು, ತಮಗೆ ಬೇಕಾದುದನ್ನು ಆರಿಸಿಕೊಂಡು, ತೊಟ್ಟಿ ಕಟ್ಟಲು ಹೊರಟರು. ಮೊದಲನೆಯದು ಮೀಸೋಫಿಲಿಕ್, ಎರಡನೆಯದು ಥರ್ಮೋಫಿಲಿಕ್. ನಾನು ಇಲ್ಲಿ ಹದಬಿಸಿ, ಕಡುಬಿಸಿ ಎಂದೇ ಬರೆಯುತ್ತೇನೆ. ನಡುವೆ ತಗ್ಗು ಏಕಿದೆ ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಹೀಗೆ ಕೊಳೆಯುವಾಗ ಹೊಮ್ಮುವ ಮೀಥೇನ್ ತುಂಬಿದ ಅನಿಲವೇ ಬಯೋಗ್ಯಾಸ್. ಅದರ ವಿಜ್ಞಾನ ಮುಂದಿನ ದಶಕಗಳಲ್ಲಿ ಕಲಿತದ್ದರಲ್ಲಿ ಬಹುಪಾಲು ಆ ತಗ್ಗಿನ ಅರ್ಥವನ್ನೇ ಎನ್ನಬಹುದು. ತಾಪ ಬದಲಾದರೆ ತೊಟ್ಟಿಯೊಳಗಿನ ಜೀವಿಗಳ ವೇಗವಷ್ಟೇ ಬದಲಾಗುವುದಿಲ್ಲ, ಜೀವಿಗಳೇ ಬದಲಾಗುತ್ತವೆ.

ಅದಕ್ಕೂ ಹಿಂದಿನ ಚರಿತ್ರೆಯಲ್ಲಿ ತಾಪದ ಮಾತು ಕಡಿಮೆ. 1776ರಲ್ಲಿ ಅಲೆಸಾಂಡ್ರೋ ವೋಲ್ಟಾ ಇಟಲಿಯ ಮಜ್ಜೋರೆ ಸರೋವರದ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಹೊತ್ತಿಸಿದ. 1880ರ ದಶಕದಲ್ಲಿ ಲೂಯಿ ಪಾಶ್ಚರನ ಶಿಷ್ಯ ಯುಲಿಸ್ ಗೇಯಾನ್ ಗೊಬ್ಬರವನ್ನು 35 ಡಿಗ್ರಿಯಲ್ಲಿ ಹುಳಿಸಿ, ಘನಮೀಟರಿಗೆ 100 ಲೀಟರಿನಷ್ಟು ಮೀಥೇನ್ ತೆಗೆದ. ಈ ಅನಿಲದಿಂದ ಬೆಳಕು, ಕಾವು ಪಡೆಯಬಹುದು ಎಂದು ಗುರುವಿಗೂ ಅನಿಸಿತು. ಗೇಯಾನ್ ಮುಟ್ಟಿದ 35 ಡಿಗ್ರಿ ಮೊದಲ ಗುಡ್ಡದ ನೆತ್ತಿಯೇ ಆಗಿತ್ತು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಮೊದಲ ದೊಡ್ಡ ತೊಡಕು ಜೀವಿಗಳನ್ನು ಬಿಡಿಸಿ ನೋಡುವುದರಲ್ಲೇ ಇತ್ತು. ಮೀಥೇನ್ ತಯಾರಿಸುವ ಜೀವಿಗಳಿಗೆ ಆಮ್ಲಜನಕ ತಾಗಿದರೆ ಉಳಿಗಾಲವಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸುವ ಮಾಮೂಲಿ ವಿಧಾನ ನಡೆಯದು. ಹಸುವಿನ ಮೆಲುಕುಚೀಲವನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ರಾಬರ್ಟ್ ಹಂಗೇಟ್ ಇದಕ್ಕೊಂದು ದಾರಿ ಹುಡುಕಿದ. ಕಾಯಿಸಿದ ತಾಮ್ರದ ಮೇಲೆ ಹಾಯಿಸಿದ ಅನಿಲದಲ್ಲಿ ಆಮ್ಲಜನಕದ ಕೊನೆಯ ಪಸೆಯೂ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಆ ಅನಿಲ ತುಂಬಿದ ಪ್ರನಾಳದಲ್ಲಿ ಕರಗಿದ ಅಗರ್ ಹಾಕಿ, ರಬ್ಬರ್ ಬಿರಡೆ ಜಡಿದು, ತಣ್ಣೀರಿನಲ್ಲಿ ಅಡ್ಡ ಉರುಳಿಸಬೇಕು. ಅಗರ್ ಒಳಗೋಡೆಗೆ ತೆಳುವಾಗಿ ಹರಡಿ ಗಟ್ಟಿಯಾಗುತ್ತದೆ, ಒಂದೊಂದು ಜೀವಿಯೂ ಅದರಲ್ಲಿ ಸಿಕ್ಕಿಕೊಂಡು ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಬಯೋಗ್ಯಾಸಿನ ಜೀವಿಲೋಕ ತೆರೆದುಕೊಂಡದ್ದು ಇಂಥ ಉರುಳು ಪ್ರನಾಳಗಳಲ್ಲಿ.

ಆದರೂ ಮೋಸ ಹೋಗುವುದು ತಪ್ಪಲಿಲ್ಲ. ಎಚ್. ಎ. ಬಾರ್ಕರ್ 1936ರಲ್ಲಿ ವರ್ಣಿಸಿದ ಒಂದು ಜೀವಿ ಮದ್ಯಸಾರವನ್ನು ತಿಂದು ಮೀಥೇನ್ ಮಾಡುತ್ತದೆ ಎಂದು ಮೂರು ದಶಕ ಎಲ್ಲರೂ ನಂಬಿದ್ದರು. 1967ರಲ್ಲಿ ಇಲಿನಾಯ್‌ನ ಮಾರ್ವಿನ್ ಬ್ರಯಂಟ್, ರಾಲ್ಫ್ ವುಲ್ಫ್ ಮತ್ತು ಸಂಗಡಿಗರು ಅದು ಒಂದಲ್ಲ, ಎರಡು ಜೀವಿಗಳ ಕೂಡುಸಂಸಾರ ಎಂದು ತೋರಿಸಿಕೊಟ್ಟರು. ಒಂದು ಮದ್ಯಸಾರವನ್ನು ಒಡೆದು ಹೈಡ್ರೋಜನ್ ಹೊರಬಿಡುತ್ತದೆ. ಇನ್ನೊಂದು ಆ ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿಸಿ ಮೀಥೇನ್ ಮಾಡುತ್ತದೆ. ಎರಡನೆಯದು ಹೈಡ್ರೋಜನ್ನನ್ನು ಬಳಸಿ ಮುಗಿಸದಿದ್ದರೆ ಮೊದಲನೆಯದಕ್ಕೆ ಊಟ ಮುಂದೆ ಸಾಗದು. ಈ ವಿಷಯದಲ್ಲಿ ಬಂದ ಸಂಶೋಧನೆಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಸಗಣಿ ಗುಂಡಿಯಲ್ಲಿ ಯಾವ ಜೀವಿಯೂ ಒಂಟಿಯಾಗಿ ಬಾಳುವುದಿಲ್ಲ ಎಂದ ಮೇಲೆ, ತಾಪ ಯಾರಿಗೆ ಹಿತ, ಯಾರಿಗೆ ಅಹಿತ ಎಂಬ ಪ್ರಶ್ನೆಯನ್ನು ಇಡೀ ಸರಪಳಿಗೆ ಕೇಳಬೇಕಾಗುತ್ತದೆ.

ಆ ಸರಪಳಿ ಹೀಗಿದೆ. ನಾರು, ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆಯುವ ಬ್ಯಾಕ್ಟೀರಿಯಾ ಮೊದಲು. ಒಡೆದ ಸಕ್ಕರೆ ಮುಂತಾದವನ್ನು ಹುಳಿಸಿ ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲ ಮಾಡುವವು ನಂತರ. ಆ ಆಮ್ಲಗಳನ್ನು ಅಸೆಟಿಕ್ ಆಮ್ಲ ಮತ್ತು ಹೈಡ್ರೋಜನ್ನಿಗೆ ಇಳಿಸುವವು ಮೂರನೆಯವು. ಕೊನೆಯಲ್ಲಿ ಮೀಥೇನ್‌ಜನಕಗಳು. ಇವುಗಳಲ್ಲೂ ಎರಡು ಪಂಗಡ: ಅಸೆಟಿಕ್ ಆಮ್ಲವನ್ನು ನೇರ ಸೀಳಿ ಮೀಥೇನ್ ಮಾಡುವವು, ಹೈಡ್ರೋಜನ್ನಿನಿಂದ ಮಾಡುವವು. ಹದಬಿಸಿಯ ಚರಂಡಿ ತೊಟ್ಟಿಗಳಲ್ಲಿ ಸುಮಾರು 70 ಶೇಕಡಾ ಮೀಥೇನ್ ಅಸೆಟಿಕ್ ಆಮ್ಲದಿಂದಲೇ ಬರುತ್ತದೆ ಎಂಬುದು 1960ರ ದಶಕದಲ್ಲಿ ಗೊತ್ತಾಯಿತು. ಈ ಅಂಕಿ ಪಠ್ಯಪುಸ್ತಕಕ್ಕೆ ಹೋಗಿ ಬೇರುಬಿಟ್ಟಿತು. ಕಡುಬಿಸಿಗೂ ಅದನ್ನೇ ಒಪ್ಪಿಸುವವರು ಈಗಲೂ ಇದ್ದಾರೆ.

ಕಡುಬಿಸಿಯ ಬಳಗ ಬೇರೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು 1971ರಲ್ಲಿ. ಇಲಿನಾಯ್ ರಾಜ್ಯದ ಅರ್ಬಾನಾ ಊರಿನ ಚರಂಡಿ ರಾಡಿಯಿಂದ ಗ್ರೆಗರಿ ಝೈಕಸ್ ಮತ್ತು ವುಲ್ಫ್ 65ರಿಂದ 70 ಡಿಗ್ರಿಯಲ್ಲಿ ಸೊಗಸಾಗಿ ಬೆಳೆಯುವ ಮೀಥೇನ್‌ಜನಕವೊಂದನ್ನು ಬೇರ್ಪಡಿಸಿದರು. ಮರುವರ್ಷ ಪ್ರಕಟವಾದ ಅದರ ವರ್ಣನೆ ಓದಿದವರಿಗೆ ಅಚ್ಚರಿ: ಕೈಯಿಟ್ಟರೆ ಸುಡುವ ನೀರಿನಲ್ಲಿ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೇ ನಂಬಿ ಬದುಕುವ ಜೀವಿ! ಈಗ ಅದಕ್ಕೆ ಮೆಥನೋಥರ್ಮೋಬ್ಯಾಕ್ಟರ್ ಎಂಬ ಹೆಸರು. ವುಲ್ಫ್ ಅವರಂತೆ ಇಲಿನಾಯ್ ವಿಶ್ವವಿದ್ಯಾಲಯದಲ್ಲೇ ಇದ್ದ ಕಾರ್ಲ್ ವೋಸ್ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಜೀವಿಗಳ ವಂಶವೃಕ್ಷ ಬರೆಯುತ್ತಿದ್ದಾಗ, ಪರೀಕ್ಷೆಗೆ ಸಿಕ್ಕ ಮೊದಮೊದಲ ಮೀಥೇನ್‌ಜನಕಗಳಲ್ಲಿ ಇದೂ ಒಂದು. 1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್, ಮೀಥೇನ್‌ಜನಕಗಳು ಬ್ಯಾಕ್ಟೀರಿಯಾವೇ ಅಲ್ಲ, ಜೀವಲೋಕದ ಬೇರೊಂದು ಕವಲು ಎಂದು ಸಾರಿದರು. ಅದೇ ಇಂದಿನ ಆರ್ಕಿಯಾ. ಜೀವವಿಜ್ಞಾನದ ಬುಡವನ್ನೇ ಅಲುಗಿಸಿದ ಮಾತಿಗೆ ಒಂದಿಷ್ಟು ಪುರಾವೆ ಊರ ಚರಂಡಿಯಿಂದ ಬಂದಿತ್ತು.

ಮುಂದಿನ ತಿರುವು ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಝಿಂಡರ್ ಅವರದು. 58 ಡಿಗ್ರಿಯ ಒಂದು ತೊಟ್ಟಿಯನ್ನು ಇಟ್ಟುಕೊಂಡು ಅದರಲ್ಲಿ ಯಾರು ಅಸೆಟಿಕ್ ಆಮ್ಲ ತಿನ್ನುತ್ತಾರೆ ಎಂದು ಅವರ ತಂಡ ಹುಡುಕಿತು. ಗೊಂಚಲು ಗೊಂಚಲಾಗಿ ಬೆಳೆಯುವ ಮೆಥನೋಸಾರ್ಸಿನಾ ಸಿಕ್ಕಿತು, ಕಡ್ಡಿಯಾಕಾರದ ಮೆಥನೋಥ್ರಿಕ್ಸ್ ಸಿಕ್ಕಿತು. ಎರಡೂ ಆಮ್ಲವನ್ನು ನೇರ ಸೀಳುವವೇ. ಆದರೆ 1984ರಲ್ಲಿ ಝಿಂಡರ್ ಮತ್ತು ಕಾಖ್ ವರದಿ ಮಾಡಿದ 60 ಡಿಗ್ರಿಯ ಜೋಡಿ ಮಾತ್ರ ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಅಸೆಟಿಕ್ ಆಮ್ಲವನ್ನು ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ, ಪಕ್ಕದ ಮೀಥೇನ್‌ಜನಕ ಅವೆರಡನ್ನೂ ಮತ್ತೆ ಜೋಡಿಸಿ ಮೀಥೇನ್ ಮಾಡುತ್ತದೆ.

ಇದು ಸುತ್ತುಬಳಸಿನ ದಾರಿ. ಯಾಕೆ ಹಿಡಿಯಬೇಕು? ಉತ್ತರ ಶಕ್ತಿಯ ಲೆಕ್ಕದಲ್ಲಿದೆ. 25 ಡಿಗ್ರಿಯ ಪ್ರಮಾಣಿತ ಸ್ಥಿತಿಯಲ್ಲಿ ಅಸೆಟಿಕ್ ಆಮ್ಲವನ್ನು ನೇರ ಸೀಳಿದರೆ ಮೋಲ್ ಒಂದಕ್ಕೆ ಸುಮಾರು 31 ಕಿಲೋಜೌಲ್ ಲಾಭ. ಅದನ್ನೇ ಹೈಡ್ರೋಜನ್ನಿಗೆ ಒಡೆಯಲು ಸುಮಾರು 104 ಕಿಲೋಜೌಲ್ ಕೈಯಿಂದ ಹಾಕಬೇಕು. ಹೈಡ್ರೋಜನ್ ಮೀಥೇನ್ ಆಗುವಾಗ ಸುಮಾರು 135 ಮರಳಿ ಸಿಗುತ್ತದೆ. ಕೊನೆಗೆ ಉಳಿಯುವುದು ಅದೇ 31, ಆದರೆ ಅದನ್ನು ಇಬ್ಬರು ಹಂಚಿಕೊಳ್ಳಬೇಕು. ತಾಪ ಏರಿದಂತೆ ಆಮ್ಲ ಒಡೆಯುವ ಹೆಜ್ಜೆಯ ನಷ್ಟ ತಗ್ಗುತ್ತದೆ. ಹೈಡ್ರೋಜನ್ನಿನಿಂದ ಮೀಥೇನ್ ಆಗುವ ಹೆಜ್ಜೆಯ ಲಾಭವೂ ಕೊಂಚ ಕುಗ್ಗುತ್ತದೆ, ನಿಜ; ಆದರೂ ಒಟ್ಟು ಮೊತ್ತ ಇಬ್ಬರಿಗೂ ಬದುಕಲು ಸಾಲುವಷ್ಟಾಗುತ್ತದೆ. ಹದಬಿಸಿಯಲ್ಲಿ ಹಸಿವಿನಿಂದ ಸಾಯುತ್ತಿದ್ದ ಜೋಡಿ ಕಡುಬಿಸಿಯಲ್ಲಿ ಸಂಸಾರ ಹೂಡುತ್ತದೆ. ಎರಡನೇ ಗುಡ್ಡಕ್ಕೆ ಬೇರೆ ಒಕ್ಕಲು ಬಂದದ್ದರ ಒಂದು ಕಾರಣ ಇಲ್ಲಿದೆ.

ಜರ್ಮನಿಯ ಮಾರ್ಬುರ್ಗಿನಲ್ಲಿ ರಾಲ್ಫ್ ಕೊನ್ರಾಡ್ ಅವರ ತಂಡ ಇದೇ ಪ್ರಶ್ನೆಯನ್ನು ಭತ್ತದ ಗದ್ದೆಯ ಮಣ್ಣಿಗೆ ಕೇಳಿತು. ಇಟಲಿಯ ವೆರ್ಚೆಲ್ಲಿ ಸೀಮೆಯಿಂದ ತಂದ ಮಣ್ಣು ಅದು. 2000ದ ಆಸುಪಾಸಿನಲ್ಲಿ ಪ್ರಕಟವಾದ ಆ ಪ್ರಯೋಗಗಳಲ್ಲಿ ತಂಪಿನಲ್ಲಿ ಅಸೆಟಿಕ್ ಆಮ್ಲದ ದಾರಿಗೆ ಮೇಲುಗೈ ಸಿಕ್ಕಿತು. 50 ಡಿಗ್ರಿಗೆ ಏರಿಸಿದಾಗ ಮೀಥೇನ್ ಪೂರ್ತಿ ಹೈಡ್ರೋಜನ್ ದಾರಿಯಿಂದ ಬರತೊಡಗಿತು. ಗದ್ದೆ ಯಾವತ್ತೂ 50 ಡಿಗ್ರಿಗೆ ಕಾಯ್ದದ್ದಿಲ್ಲ. ಆದರೂ ಕಡುಬಿಸಿಯ ಜೀವಿಗಳು ಅಲ್ಲಿ ತೆಪ್ಪಗೆ ಕಾದು ಕೂತಿದ್ದವು.

ಹೊಸ ತೊಟ್ಟಿ ಶುರುಮಾಡುವವರಿಗೆ ಇದು ಕೆಲಸಕ್ಕೆ ಬರುವ ಸುದ್ದಿ. ಹಾಲಿಗೆ ಹೆಪ್ಪು ಬೇಕಾದಂತೆ ತೊಟ್ಟಿಗೂ ಹಳೆಯ ಬಗ್ಗಡದ ಹೆಪ್ಪು ಬೇಕು, ಆದರೆ ಕಡುಬಿಸಿಗೆಂದು ಹೆಪ್ಪನ್ನು ದೂರದ ಊರಿನಿಂದ ತರಲೇಬೇಕೆಂದಿಲ್ಲ. ಹದಬಿಸಿಯ ತೊಟ್ಟಿಯನ್ನು ಕಡುಬಿಸಿಗೆ ಏರಿಸುವುದು ಹೇಗೆ ಎಂಬ ಪ್ರಶ್ನೆಗೆ 2005ರಲ್ಲಿ ಅಲೆನಾ ಬೌಷ್ಕೋವಾ ಮತ್ತು ಸಂಗಡಿಗರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಒಂದು ತೊಟ್ಟಿಯನ್ನು 37ರಿಂದ 55ಕ್ಕೆ ಒಂದೇ ಏಟಿಗೆ ಏರಿಸಿದರು. ಇನ್ನೊಂದನ್ನು ಮೆಟ್ಟಿಲು ಮೆಟ್ಟಿಲಾಗಿ. ಮೆಲ್ಲಗೆ ಏರಿಸಿದ್ದು ಬೇಗ ಸಾವರಿಸಿಕೊಳ್ಳಬೇಕು ಎಂದು ಎಲ್ಲರೂ ಊಹಿಸುತ್ತಾರೆ. ನಡೆದದ್ದು ತಿರುವುಮುರುವು: ಒಂದೇ ಏಟಿನ ತೊಟ್ಟಿ ಸುಮಾರು 30 ದಿನದಲ್ಲಿ ಹದಕ್ಕೆ ಬಂತು, ಮೆಟ್ಟಿಲಿನದು 70 ದಿನ ತೆಗೆದುಕೊಂಡಿತು. ಫೇರ್ ಮತ್ತು ಮೂರ್ ಕಂಡ ತಗ್ಗನ್ನು ನೆನೆಸಿಕೊಂಡರೆ ಗುಟ್ಟು ಬಿಡಿಸಿದಂತೆ. ನಡುವಿನ ತಾಪದಲ್ಲಿ ಹಳೆಯ ಬಳಗ ಬಾಡುತ್ತದೆ, ಹೊಸ ಬಳಗ ಚಿಗುರುವುದಿಲ್ಲ. ಅಲ್ಲಿ ತಂಗಿದಷ್ಟೂ ನಷ್ಟ.

ಹಾಗಾದರೆ ಬಿಸಿ ಹೆಚ್ಚಿಸುತ್ತಲೇ ಹೋಗಬಹುದೇ? 2001ರಲ್ಲಿ ಡೆನ್ಮಾರ್ಕಿನ ಬಿರ್ಗಿಟ್ಟೆ ಆರಿಂಗ್ ತಂಡ ದನದ ಗೊಬ್ಬರದ ತೊಟ್ಟಿಯನ್ನು 55ರಿಂದ 65ಕ್ಕೆ ಏರಿಸಿ ನೋಡಿತು. ಮೀಥೇನ್ ಇಳಿಯಿತು, ಆಮ್ಲ ಏರಿತು. ಹುಳಿಸುವವರು ಬಿಸಿಯನ್ನು ತಾಳಿಕೊಂಡರೂ ಅವರ ಹಿಂದೆ ನಡೆಯಬೇಕಾದವರು ತಾಳಲಿಲ್ಲ. ಮೀಥೇನ್‌ಜನಕಗಳಲ್ಲಿ 122 ಡಿಗ್ರಿಯಲ್ಲೂ ಬೆಳೆಯುವ ಮೆಥನೋಪೈರಸ್ ಇದೆ, ಆದರೆ ಅದು ಸಾಗರತಳದ ಬಿಸಿನೀರ ಬುಗ್ಗೆಯ ಜೀವಿ. ಸಗಣಿಯ ಸರಪಳಿಗೆ ಅದರಿಂದ ಉಪಯೋಗವಿಲ್ಲ.

ಡೆನ್ಮಾರ್ಕಿನವರಿಗೆ ಕಡುಬಿಸಿಯ ಮೋಹ ಹತ್ತಿದ್ದಕ್ಕೆ ಕಾರಣವಿತ್ತು. ಹಲವು ರೈತರ ಗೊಬ್ಬರವನ್ನು ಒಂದೇ ಕಡೆ ತಂದು ಸುರಿಯುವ ದೊಡ್ಡ ಸ್ಥಾವರಗಳಲ್ಲಿ ರೋಗಾಣು ಸಾಯಬೇಕು, ಬೇಗ ಕೆಲಸ ಮುಗಿಯಬೇಕು. ಅಡ್ಡ ಬಂದದ್ದು ಅಮೋನಿಯಾ. ಹಂದಿ, ಕೋಳಿ ಗೊಬ್ಬರದಲ್ಲಿ ಸಾರಜನಕ ಹೆಚ್ಚು. ಅದು ನೀರಿನಲ್ಲಿ ಅಮೋನಿಯಂ ಆಗಿದ್ದರೆ ಅಷ್ಟು ತೊಂದರೆಯಿಲ್ಲ, ಬಿಡಿ ಅಮೋನಿಯಾ ಆದರೆ ಜೀವಕೋಶದ ಒಳಗೆ ನುಗ್ಗುತ್ತದೆ. ಪಿಎಚ್ 8 ಇರುವಾಗ 35 ಡಿಗ್ರಿಯಲ್ಲಿ ಒಟ್ಟು ಅಮೋನಿಯಾದ 10 ಶೇಕಡಾ ಬಿಡಿಯಾಗಿರುತ್ತದೆ. 55 ಡಿಗ್ರಿಗೆ ಏರಿಸಿದರೆ ಅದು 28 ಶೇಕಡಾ. ಸಗಣಿ ಅದೇ, ಪಿಎಚ್ ಅದೇ, ವಿಷ ಮಾತ್ರ ಸುಮಾರು ಮೂರು ಪಟ್ಟು. ಐರಿನಿ ಆಂಗೆಲಿಡಾಕಿ ಮತ್ತು ಆರಿಂಗ್ 1990ರ ದಶಕದಲ್ಲಿ ತೋರಿಸಿದ ಪರಿಹಾರ ಸರಳವಾಗಿತ್ತು: ಅಮೋನಿಯಾ ಹೆಚ್ಚಿರುವ ಗೊಬ್ಬರವಾದರೆ ಬಿಸಿಯನ್ನು ಕೆಲವು ಡಿಗ್ರಿ ಇಳಿಸಿ, ಅನಿಲ ಹೆಚ್ಚುತ್ತದೆ.

ಸ್ವೀಡನ್ನಿನಲ್ಲಿ ಆನಾ ಶ್ನ್ಯೂರರ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಅಸೆಟಿಕ್ ಆಮ್ಲವನ್ನು ಸುತ್ತುದಾರಿಯಲ್ಲಿ ಒಡೆಯುವ ಹದಬಿಸಿಯ ಬ್ಯಾಕ್ಟೀರಿಯಾವೊಂದನ್ನು 1996ರಲ್ಲಿ ಅವರ ತಂಡ ವರ್ಣಿಸಿತು. ಉಪ್ಸಾಲಾ ಬಳಿಯ ಉಲ್ಟುನಾ ಆವರಣದ ಹೆಸರನ್ನೇ ಅದಕ್ಕಿಟ್ಟರು. ನೇರ ಸೀಳುವ ಮೀಥೇನ್‌ಜನಕಗಳು ಅಮೋನಿಯಾಗೆ ಬಗ್ಗಿಹೋದಾಗ ಈ ಬ್ಯಾಕ್ಟೀರಿಯಾ ಮತ್ತು ಹೈಡ್ರೋಜನ್ ದಾರಿಯ ಮೀಥೇನ್‌ಜನಕದ ಜೋಡಿ ಮುಂದೆ ಬರುತ್ತದೆ. ಅಂದರೆ ಹದಬಿಸಿಯಲ್ಲೂ ಅಮೋನಿಯಾದ ಒತ್ತಡವಿದ್ದರೆ ಕಡುಬಿಸಿಯ ದಾರಿ ತೆರೆದುಕೊಳ್ಳುತ್ತದೆ. ತಾಪವೊಂದೇ ಬಳಗವನ್ನು ಆರಿಸುತ್ತದೆ ಎಂಬ ಮಾತಿಗೆ ಇಲ್ಲಿ ತಿದ್ದುಪಡಿ ಬಿತ್ತು.

ಎರಡು ಬಳಗಕ್ಕೂ ಒಂದೊಂದು ಮನೆ ಕಟ್ಟಿಕೊಡೋಣ ಎಂದು ಅಮೆರಿಕದ ಅಯೋವಾದಲ್ಲಿ ರಿಚರ್ಡ್ ಡೇಗ್ 1990ರ ದಶಕದಲ್ಲಿ ಮೊದಲು 55, ಆಮೇಲೆ 35 ಡಿಗ್ರಿಯ ಜೋಡಿ ತೊಟ್ಟಿ ಮಾಡಿದರು. ಚರಂಡಿ ರಾಡಿಗೆ ಅದು ಒಪ್ಪಿತು.

ತಂಪಿನ ಕಡೆಯ ಕಥೆಗೆ ಇಷ್ಟು ಗದ್ದಲವಿಲ್ಲ, ಆದರೆ ನಮಗೆ ಹತ್ತಿರ. 1990ರ ದಶಕದಲ್ಲಿ ಮಾಸ್ಕೋದ ಕೋತ್ಸ್ಯುರ್ಬೆಂಕೊ ಮತ್ತು ನೊಝೆವ್ನಿಕೋವಾ ಚಳಿಯಲ್ಲಿ ಕೊಳೆಯುವ ಕೆಸರು, ಗೊಬ್ಬರಗಳನ್ನು ಪರೀಕ್ಷಿಸಿದರು. ಹೈಡ್ರೋಜನ್ನಿಗಾಗಿ ಮೀಥೇನ್‌ಜನಕಗಳೊಡನೆ ಸ್ಪರ್ಧಿಸುವ ಬೇರೆ ಬ್ಯಾಕ್ಟೀರಿಯಾ ಇವೆ, ಅವು ಹೈಡ್ರೋಜನ್ನಿನಿಂದ ಅಸೆಟಿಕ್ ಆಮ್ಲ ಮಾಡುತ್ತವೆ. ಬೆಚ್ಚಗಿರುವಾಗ ಇವುಗಳ ಆಟ ನಡೆಯದು, ಚಳಿಯಲ್ಲಿ ಇವೇ ಗೆಲ್ಲುತ್ತವೆ. ಆದ್ದರಿಂದ ತಂಪಿನ ತೊಟ್ಟಿಯಲ್ಲಿ ಮೊದಲು ಆಮ್ಲ ಕೂಡುತ್ತದೆ, ಮೀಥೇನ್ ತಡವಾಗಿ ಬರುತ್ತದೆ. ತೊಟ್ಟಿ ಕೆಟ್ಟಿತೆಂದು ಕೈಬಿಟ್ಟವರಲ್ಲಿ ಎಷ್ಟೋ ಮಂದಿ ಬರೀ ಕಾದಿದ್ದರೆ ಸಾಕಿತ್ತೇನೋ. ಹಾಲೆಂಡಿನ ಗಾಟ್ಸೆ ಲೆಟಿಂಗಾ ಅವರ ಬಳಗ ಹೆಚ್ಚು ಜೀವಿಗಳನ್ನು ತೊಟ್ಟಿಯಲ್ಲೇ ಹಿಡಿದಿಟ್ಟುಕೊಂಡು 10–12 ಡಿಗ್ರಿಯಲ್ಲೂ ಮಾಲ್ಟ್ ಕಾರ್ಖಾನೆಯ ಕೊಳೆನೀರನ್ನು ಶುದ್ಧಿ ಮಾಡಬಹುದೆಂದು ತೋರಿಸಿತು. ಕೆನಡಾದ ಕ್ವಿಬೆಕ್‌ನಲ್ಲಿ ಡೇನಿಯಲ್ ಮಾಸ್ಸೆ ಹಂದಿ ಗೊಬ್ಬರವನ್ನು 20 ಡಿಗ್ರಿಯಲ್ಲೇ ಜೀರ್ಣಿಸುವ ವಿಧಾನ ರೂಪಿಸಿದರು. ಇಬ್ಬರ ಉಪಾಯದ ತಿರುಳೂ ಒಂದೇ: ಕೆಲಸ ನಿಧಾನವಾದರೆ ಜೀವಿಗಳ ಸಂಖ್ಯೆ ಹೆಚ್ಚಿರಬೇಕು, ಹೊರಗೆ ಹರಿದುಹೋಗಬಾರದು.

ಈ ಶತಮಾನದಲ್ಲಿ ಡಿಎನ್‌ಎ ಓದುವುದು ಅಗ್ಗವಾಯಿತು, ಪ್ರನಾಳ ಉರುಳಿಸುವವರು ಕಡಿಮೆಯಾದರು. 2007ರಲ್ಲಿ ಸ್ವೀಡನ್ನಿನವರೇ ಮನೆಯ ಹಸಿಕಸ ತಿನ್ನುವ ಎರಡು ತೊಟ್ಟಿಗಳನ್ನು ಹದಬಿಸಿ, ಕಡುಬಿಸಿಯಲ್ಲಿಟ್ಟು ಹೋಲಿಸಿದಾಗ ಹದಬಿಸಿಯಲ್ಲಿ ಜೀವಿವೈವಿಧ್ಯ ಹೆಚ್ಚು ಕಂಡಿತು. ಕಡುಬಿಸಿಯ ಸಂಸಾರ ಚಿಕ್ಕದು, ಚುರುಕು. ಒಬ್ಬ ಮುಗ್ಗರಿಸಿದರೆ ಜಾಗ ತುಂಬುವವರು ಕಡಿಮೆ. ಕಡುಬಿಸಿ ತೊಟ್ಟಿಗಳು ತಾಪದ ಏರಿಳಿತಕ್ಕೆ ಬೇಗ ನಲುಗುತ್ತವೆ ಎಂಬ ಹಳೆಯ ದೂರಿಗೆ ಇದೊಂದು ವಿವರಣೆ ಆಗಬಲ್ಲದು. 2008ರಲ್ಲಿ ಜರ್ಮನಿಯ ಬಿಲೆಫೆಲ್ಡ್ ವಿಶ್ವವಿದ್ಯಾಲಯದವರು ರೈತನೊಬ್ಬನ ಬಯೋಗ್ಯಾಸ್ ಸ್ಥಾವರದ ಇಡೀ ಡಿಎನ್‌ಎ ಓದಿದಾಗ ಹೈಡ್ರೋಜನ್ ದಾರಿಯ ಮೆಥನೋಕುಲಿಯಸ್ ಮುಂದಿತ್ತು. 70 ಶೇಕಡಾ ಅಸೆಟಿಕ್ ಆಮ್ಲದ ಪಾಠಕ್ಕೆ ಮತ್ತೊಂದು ಪೆಟ್ಟು. 2015ರಲ್ಲಿ ಬೆಲ್ಜಿಯಂನ ಯೊ ಡೆ ವ್ರೀಸೆ ತಂಡ 29 ದೊಡ್ಡ ಸ್ಥಾವರಗಳನ್ನು ಹೋಲಿಸಿ, ಅವುಗಳ ಜೀವಿಬಳಗಗಳು ಗುಂಪಾಗುವುದು ತಾಪ ಮತ್ತು ಅಮೋನಿಯಾಕ್ಕೆ ತಕ್ಕಂತೆ ಎಂದಿತು. 2020ರಲ್ಲಿ ಇಟಲಿಯ ಪಾದುವಾದ ಸ್ಟೆಫಾನೊ ಕಂಪನಾರೊ ತಂಡ ಬಯೋಗ್ಯಾಸ್ ತೊಟ್ಟಿಗಳಿಂದ ಸುಮಾರು 1,600 ಪ್ರಭೇದಗಳ ಜೀನೋಮ್ ಜೋಡಿಸಿ ಕೊಟ್ಟಿತು.

ಇಷ್ಟು ಹೆಸರು ಸಿಕ್ಕಿದ್ದಕ್ಕೆ ಹಿಗ್ಗಬೇಕು ಸರಿ, ಆದರೆ ಹೆಸರುಪಟ್ಟಿಯೇ ಅರಿವು ಎಂದು ಭ್ರಮಿಸುವ ಚಾಳಿಯೂ ಜೊತೆಗೆ ಬಂದಿದೆ. ಯಾವ ಜೀವಿ ಇದೆ ಎನ್ನುವುದು ಡಿಎನ್‌ಎಯಿಂದ ತಿಳಿಯುತ್ತದೆ. ಅದು ಯಾವ ತಾಪದಲ್ಲಿ ಏನು ಮಾಡುತ್ತದೆ ಎನ್ನಲು ಇವತ್ತಿಗೂ ಹಂಗೇಟನ ಪ್ರನಾಳವೇ ಬೇಕು, ತಾಳ್ಮೆಯೂ ಬೇಕು.

ಭಾರತದಲ್ಲಿ ತಾಪದ ಪ್ರಶ್ನೆ ಬೇರೆ ವೇಷದಲ್ಲಿ ಬಂತು. ಇಲ್ಲಿ ಮನೆ ಹಿತ್ತಿಲ ತೊಟ್ಟಿಯನ್ನು ಕಾಯಿಸುವವರಿಲ್ಲ, ನೆಲದ ಬಿಸಿಯೇ ಗತಿ. ಹಾಗಾಗಿ ಗೋಬರ್ ಗ್ಯಾಸ್ ಮಾದರಿಗಳನ್ನು ಹವೆಗೆ ತಕ್ಕಂತೆ ಮೂರು ಬಗೆ ಮಾಡಿದರು: ಸಗಣಿ 30 ದಿನ ನಿಲ್ಲುವಂಥದ್ದು, 40 ದಿನದ್ದು, 55 ದಿನದ್ದು. ಕರ್ನಾಟಕಕ್ಕೆ 30 ದಿನ, ಹಿಮಾಲಯದ ಗುಡ್ಡಗಾಡಿಗೆ 55. ತಂಪಿನ ಜೀವಿಗಳಿಗೆ ಹೆಚ್ಚು ಹೊತ್ತು ಬೇಕೆಂಬ ವಿಜ್ಞಾನ ಇಟ್ಟಿಗೆ, ಗಾರೆಯ ಅಳತೆಯಲ್ಲೇ ಬರೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1979ರಲ್ಲಿ ರೆಡ್ಡಿ, ರಾಜಬಾಪಯ್ಯ ಮತ್ತು ಜೊತೆಗಾರರು ಸರಣಿ ಲೇಖನಗಳಲ್ಲಿ ಗುಂಡಿಯಿಂದ ಕಾವು ಎಲ್ಲೆಲ್ಲಿ ಸೋರುತ್ತದೆಂದು ಲೆಕ್ಕ ಹಾಕಿದರು. ಆಮೇಲೆ ಗುಂಡಿಯ ಮೇಲೆ ಅನಿಲ ಹಿಡಿದಿಡುವ ಕಬ್ಬಿಣದ ಡ್ರಮ್ಮಿನ ನೆತ್ತಿಯ ಮೇಲೆ ನೀರು ನಿಲ್ಲಿಸಿ, ಪಾರದರ್ಶಕ ಹೊದಿಕೆ ಹಾಕಿ, ಬಿಸಿಲಲ್ಲಿ ಕಾಯ್ದ ಆ ನೀರಲ್ಲೇ ಮರುದಿನದ ಸಗಣಿ ಕಲಸುವ ಮಾದರಿಯನ್ನೂ ಮುಂದಿಟ್ಟರು. ಡ್ರಮ್ಮಿನ ಕಾವು ಆಕಾಶಕ್ಕೆ ಹೋಗುವುದೂ ತಪ್ಪಿತು, ಜೀವಿಗಳಿಗೆ ತಣ್ಣೀರಿನ ಆಘಾತವೂ ತಪ್ಪಿತು. ಅದೇ ಬಳಗ ಮುಂದೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯದ ಬಯೋಗ್ಯಾಸಿನಿಂದ ದೀಪ ಬೆಳಗಿಸಿ ನೀರೆತ್ತಿತು.

ಕಡುಬಿಸಿ ನಮಗೆ ಬೇಕೇ ಎಂದು ಕೇಳುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ಘನಮೀಟರ್ ಅನಿಲಕ್ಕೆ 25 ಕಿಲೋ ಸಗಣಿ ಎಂಬುದು ವಾಡಿಕೆಯ ಅಳತೆ. ಸಮ ನೀರು ಬೆರೆಸಿದ ಒಂದು ಟನ್ ಬಗ್ಗಡದಲ್ಲಿ ಅರ್ಧ ಟನ್ ಸಗಣಿ, ಅದರಿಂದ 20 ಘನಮೀಟರ್ ಅನಿಲ. ಆ ಬಗ್ಗಡವನ್ನು 25ರಿಂದ 35 ಡಿಗ್ರಿಗೆ ಏರಿಸಲು ಸುಮಾರು 2 ಘನಮೀಟರ್ ಅನಿಲದ ಶಕ್ತಿ ಸಾಕು. 55ಕ್ಕೆ ಏರಿಸಲು 6 ಬೇಕು, ಸೋರುವ ಕಾವನ್ನು ಲೆಕ್ಕಕ್ಕೆ ಹಿಡಿಯದೆಯೇ. ಕಾರ್ಖಾನೆಯ ಬಿಸಿ ತ್ಯಾಜ್ಯನೀರು ಪುಕ್ಕಟೆ ಸಿಗುವ ಕಡೆ ಕಡುಬಿಸಿ ಸೊಗಸು. ಮನೆ ಹಿತ್ತಿಲಿಗೆ ಅದು ದುಬಾರಿ ಶೋಕಿ.

ಶಿರಸಿ ಸೀಮೆಯ ಅಡಿಕೆ ತೋಟದವರು ಗೋಬರ್ ಗ್ಯಾಸನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆಂದು 2001ರ ಅಧ್ಯಯನವೊಂದು ದಾಖಲಿಸಿದೆ. ಅಲ್ಲಿಯ ಮಳೆಗಾಲದಲ್ಲಿ, ಬಯಲುಸೀಮೆಯ ಪುಷ್ಯದ ಚಳಿಯಲ್ಲಿ ಉರಿ ಕುಗ್ಗಿದಾಗ ಸಗಣಿಯನ್ನೋ ಮೇಸ್ತ್ರಿಯನ್ನೋ ಬೈಯುವ ಮೊದಲು ಹೊರಬರುವ ಬಗ್ಗಡದಲ್ಲಿ ಒಂದು ಥರ್ಮಾಮೀಟರ್ ಅದ್ದಿ ನೋಡಿ. ಬಿಸಿಲಲ್ಲಿ ಕಾಯ್ದ ನೀರಿನಿಂದ ಸಗಣಿ ಕಲಸಿ, ಗುಂಡಿಯ ಮೇಲೆ ಒಣಹುಲ್ಲು ಹೊದಿಸಿ. ಪ್ರತಿ ವಾರ ತಾಪ ಎಷ್ಟಿತ್ತು, ಒಲೆ ಎಷ್ಟು ಹೊತ್ತು ಉರಿಯಿತು ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಒಂದು ವರ್ಷದ ಅಂಥ ಬರಹ ಯಾವ ಕೃಷಿ ವಿಶ್ವವಿದ್ಯಾಲಯಕ್ಕೂ ಬೆಲೆಬಾಳುವ ದಾಖಲೆ.